ಮಗನ ಆಟಕ್ಕೆ ಹೋದ ಗೂಡಿನ ದುಡ್ಡು

ಪ್ರಶ್ನೆ: ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ರೇಷ್ಮೆ ಬೆಳೆಗಾರ. ಓದಿದ್ದು ಏಳನೇ ಕ್ಲಾಸು. ಮಗನಿಗೆ 14 ವರ್ಷ, ಒಂಬತ್ತನೇ ತರಗತಿ. ಹೋದ ತಿಂಗಳು ಗೊಬ್ಬರದ ಅಂಗಡಿ ಬಾಕಿ ತೀರಿಸೋಣ ಅಂತ ನೋಡಿದರೆ, ಗೂಡು ಮಾರಿದ ದುಡ್ಡಿನಲ್ಲಿ 18,640 ರೂಪಾಯಿ ಕಮ್ಮಿ. ಬ್ಯಾಂಕಿನಲ್ಲಿ ಹಾಳೆ ತೆಗೆಸಿದೆ. 40, 80, 160, 400 ಹೀಗೆ ಐದು ವಾರ ಸೋರಿ ಹೋಗಿದೆ. ಎಲ್ಲಾ ಮೊಬೈಲಿನಲ್ಲಿ ಗನ್ನು ಹಿಡಿದು ಓಡುವ ಒಂದು ಆಟಕ್ಕೆ. ಕೋಪ ತಡೆಯಲಾಗದೆ ಹೊಡೆದೆ. ಈಗ ಅವನು ಮನೆಯಲ್ಲಿ ಯಾರ ಜೊತೆಯೂ ಮಾತಾಡುತ್ತಿಲ್ಲ. ದುಡ್ಡು ವಾಪಸ್ ಬರುತ್ತಾ? ದುಡ್ಡಿನ ಆಟ ಎಲ್ಲ ಸರ್ಕಾರ ನಿಲ್ಲಿಸಿದೆ ಅಂದರಲ್ಲ, ಇದು ಹೇಗೆ ನಡೆಯುತ್ತಿದೆ? ನನ್ನ ಮಗ ಕೆಟ್ಟು ಹೋದನಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಲ್ವಾ? ನಿಮ್ಮ ಮಗ ಕೆಟ್ಟು ಹೋಗಿಲ್ಲ. ತಪ್ಪು ಮಾಡಿದ್ದಾನೆ. ಹೇಳದೆ ದುಡ್ಡು ತೆಗೆದಿದ್ದಾನೆ, ಅದೇನೂ ಸಣ್ಣ ವಿಷಯವಲ್ಲ. ಆದರೆ ಆ 18,640 ರೂಪಾಯಿಯ ಹಿಂದೆ ಅವನಿಗಿಂತ ಎಷ್ಟೋ ಪಾಲು ತಿಳಿದವರು, ದೊಡ್ಡವರು, ಸಂಬಳ ತಗೊಂಡು ಕೆಲಸ ಮಾಡಿದ್ದಾರೆ. ಅಂಥವರಲ್ಲಿ ನಾನೂ ಒಬ್ಬನಾಗಿದ್ದೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ವರ್ಷ ಮೊಬೈಲ್ ಆಟಗಳ ಒಳಗಿನ ಅಂಗಡಿ ಕಟ್ಟುವುದೇ ನನ್ನ ಕೆಲಸವಾಗಿತ್ತು. ಈಗ ಚಿಕ್ಕಬಳ್ಳಾಪುರದಲ್ಲಿ ಕೂತು ಬೇರೆ ಸಾಫ್ಟ್‌ವೇರ್ ಬರೆಯುತ್ತೇನೆ. ನಾನು ಬೆಳೆದದ್ದೂ ಹುಳು ಮನೆಯಲ್ಲೇ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳು ಸೊಪ್ಪು ತಿನ್ನುವ ಸದ್ದು ರಾತ್ರಿಯೆಲ್ಲ ಮಳೆ ಹುಯ್ದ ಹಾಗೆ ಕೇಳುತ್ತಿತ್ತು. ಅಮ್ಮ ಆ ವಾರ ಮಲಗುತ್ತಲೇ ಇರಲಿಲ್ಲ. ಆ ದುಡ್ಡು ಹೇಗೆ ಬರುತ್ತದೆ ಅಂತ ನನಗೆ ಗೊತ್ತು.

ಮೊದಲು ದುಡ್ಡಿನ ವಿಷಯ. ಅದಕ್ಕೆ ಗಡುವಿದೆ.

ಪ್ಲೇ ಸ್ಟೋರ್ ಮೂಲಕ ಕೊಂಡಿದ್ದು 48 ಗಂಟೆಯೊಳಗೆ ಆಗಿದ್ದರೆ ಅಲ್ಲಿಯೇ ರೀಫಂಡ್ ಕೇಳಬಹುದು. ಅದು ದಾಟಿದ್ದರೆ ಆಟ ಮಾಡಿದ ಕಂಪನಿಗೇ ಬರೆಯಿರಿ ಅನ್ನುತ್ತದೆ ಗೂಗಲ್. ನೀವು ಎರಡೂ ಮಾಡಿ. ರೀಫಂಡ್ ಕೇಳುವಾಗ ಕಾರಣ ಆರಿಸಬೇಕು. ಮನೆಯವರೊಬ್ಬರು ನನ್ನ ಒಪ್ಪಿಗೆ ಇಲ್ಲದೆ ಕೊಂಡರು ಅನ್ನುವ ಕಾರಣ ಅಲ್ಲಿದೆ. ಅದನ್ನೇ ಒತ್ತಿ, ಅದೇ ನಿಜ. ಪ್ರತಿ ಖರೀದಿಗೂ ಜಿಪಿಎ ಅಂತ ಶುರುವಾಗುವ ಆರ್ಡರ್ ನಂಬರ್ ಇರುತ್ತದೆ. ಜಿಮೇಲ್‌ಗೆ ಬಂದ ರಸೀದಿಗಳಲ್ಲಿ ಸಿಗುತ್ತದೆ. ಎಲ್ಲ ನಂಬರನ್ನೂ ತಾರೀಕಿನ ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ಮಗನ ಜನನ ಪ್ರಮಾಣ ಪತ್ರದ ಪ್ರತಿ ಜೊತೆಗಿಡಿ.

ಪತ್ರದಲ್ಲಿ ಒಂದು ಮಾತು ಮರೆಯದೆ ಸೇರಿಸಿ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಹಾಗೆ ಮಾಡಿಕೊಂಡ ಕರಾರು ಶುರುವಿನಿಂದಲೇ ಊರ್ಜಿತವಲ್ಲ ಅಂತ 1903ರಲ್ಲೇ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಅತಿ ದೊಡ್ಡ ಕೋರ್ಟು, ಹೇಳಿದೆ. ಕಲ್ಕತ್ತಾದ ಒಬ್ಬ ಹುಡುಗ ತನ್ನ ಆಸ್ತಿ ಅಡ ಇಟ್ಟ ಮೊಕದ್ದಮೆ ಅದು. ಇವತ್ತಿಗೂ ಕಾನೂನು ಕಾಲೇಜಿನಲ್ಲಿ ಮೊದಲು ಓದಿಸುವ ಮೊಕದ್ದಮೆಗಳಲ್ಲಿ ಒಂದು. ಕಂಪನಿ ಏನನ್ನಬಹುದು? ಖಾತೆ ನಿಮ್ಮದು, ಪಿನ್ ನಿಮ್ಮದು, ನೀವೇ ಕೊಂಡ ಹಾಗೆ ಅನ್ನಬಹುದು. ಅದಕ್ಕೇ ಪೂರ್ತಿ ದುಡ್ಡು ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಒಂದು ಪಾಲು ಬಂದವರನ್ನು ನೋಡಿದ್ದೇನೆ. ಏನೂ ಬಾರದವರನ್ನೂ ನೋಡಿದ್ದೇನೆ. ಕೇಳದವರಿಗಂತೂ ಬರುವುದಿಲ್ಲ.

ಉತ್ತರವೇ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 1930 ಬೇರೆ. ಅದು ಸೈಬರ್ ಮೋಸಕ್ಕೆ. ಮಗ ಮಾಡಿದ ಖರೀದಿಯನ್ನು ಯಾರೋ ಕದ್ದರು ಅಂತ ಅಲ್ಲಿ ಹೇಳಬೇಡಿ, ಬ್ಯಾಂಕಿನಲ್ಲೂ ಹೇಳಬೇಡಿ. ಸುಳ್ಳು ದೂರಾಗುತ್ತದೆ, ನಿಮಗೇ ತೊಂದರೆ. ಆದರೆ ಹಾಳೆಯನ್ನು ಇನ್ನೊಂದು ಸಲ ನೋಡಿ. ಗೂಗಲ್ ಹೆಸರಿಲ್ಲದೆ ಯಾರೋ ವ್ಯಕ್ತಿಯ ಹೆಸರಿಗೆ ಹೋದ ದುಡ್ಡು ಅದರಲ್ಲಿದೆಯಾ? ಅರ್ಧ ರೇಟಿಗೆ ಡೈಮಂಡ್, ಅಂದರೆ ಆಟದೊಳಗೆ ನಡೆಯುವ ನಾಣ್ಯ, ಹಾಕಿಕೊಡುತ್ತೇವೆ ಅಂತ ಟೆಲಿಗ್ರಾಂ, ಇನ್‌ಸ್ಟಾಗ್ರಾಂನಲ್ಲಿ ಮಕ್ಕಳಿಗೆ ಬಲೆ ಬೀಸುವವರಿದ್ದಾರೆ. ದುಡ್ಡು ತಗೊಂಡು ನಂಬರ್ ಬ್ಲಾಕ್ ಮಾಡಿ ಹೋಗುತ್ತಾರೆ. ಹಾಗಾಗಿದ್ದರೆ ಅದು ಮೋಸ, ಅದಕ್ಕೆ 1930. ರೀಫಂಡ್ ಕೊಡಿಸುತ್ತೇವೆ ಅಂತ ಅಂತರ್ಜಾಲದಲ್ಲಿ ಸಿಗುವ ನಂಬರ್‌ಗಳಿಗಂತೂ ಫೋನ್ ಮಾಡಲೇಬೇಡಿ. ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಉಳಿದ ದುಡ್ಡನ್ನೂ ಎತ್ತುತ್ತಾರೆ.

ಈಗ ಆ ದುಡ್ಡು ಹೋದದ್ದು ಹೇಗೆ ಅಂತ ಹೇಳುತ್ತೇನೆ. ಇದು ನಿಮಗೆ ತಿಳಿದರೆ ಮಗನ ಮೇಲಿನ ಕೋಪ ಅರ್ಧ ಇಳಿಯುತ್ತದೆ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಿಮಗೆ ಅಂಗೈ ಇದ್ದ ಹಾಗೆ. ಗೂಡು ಸುರಿಯುತ್ತೀರಿ. ಆ ರಾಶಿಗೆ, ಅಂದರೆ ಲಾಟಿಗೆ, ನಂಬರ್ ಬೀಳುತ್ತದೆ. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಬಂದು ಕೈಹಾಕಿ ಹಿಚುಕಿ ನೋಡುತ್ತಾರೆ. ಕೆಜಿಗೆ ಇಷ್ಟು ಅಂತ ದರ ಎಲ್ಲರ ಕಣ್ಣೆದುರಿಗೆ ಏರುತ್ತದೆ. ಒಪ್ಪದಿದ್ದರೆ ಬೇಡ ಅನ್ನಬಹುದು. ಲೆಕ್ಕ ರೂಪಾಯಿಯಲ್ಲಿ, ತೂಕ ಕೆಜಿಯಲ್ಲಿ. ಅಲ್ಲಿ ಜಗಳಗಳಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ನೀವು ಏನು ಕೊಟ್ಟಿರಿ, ಏನು ಬಂತು ಅಂತ ನಿಮಗೆ ಗೊತ್ತಿರುತ್ತದೆ.

ಆಟದೊಳಗಿನ ಅಂಗಡಿ ಇದಕ್ಕೆ ಪೂರ್ತಿ ಉಲ್ಟಾ. ಮೊದಲನೆಯದಾಗಿ ಅಲ್ಲಿ ರೂಪಾಯಿಯೇ ಇಲ್ಲ. ರೂಪಾಯಿ ಕೊಟ್ಟು ಡೈಮಂಡೋ ಕಾಯಿನ್ನೋ ಕೊಳ್ಳಬೇಕು, ಆಮೇಲೆ ಅದರಿಂದ ಸಾಮಾನು. ಒಂದು ಲೆಕ್ಕ ಕೊಡುತ್ತೇನೆ, ಅಂಕಿಗಳು ಸುಮ್ನೆ ಉದಾಹರಣೆಗೆ ಇಟ್ಟದ್ದು. 80 ರೂಪಾಯಿಗೆ 100 ಡೈಮಂಡ್. ಹುಡುಗನಿಗೆ ಬೇಕಾದ ಅಂಗಿಗೆ 120 ಡೈಮಂಡ್. ಒಂದು ಪ್ಯಾಕ್ ಸಾಲದು, ಎರಡು ಕೊಳ್ಳುತ್ತಾನೆ. ಕೈಲಿ 80 ಡೈಮಂಡ್ ಉಳಿಯುತ್ತದೆ. ಅದಕ್ಕೆ ಚೆನ್ನಾಗಿರುವುದು ಏನೂ ಬರುವುದಿಲ್ಲ. ಮುಂದಿನ ಸಾಮಾನಿಗೆ 150. ಇನ್ನೊಂದು ಪ್ಯಾಕ್ ಹಾಕಿದರೆ ಸಾಕಲ್ಲ ಅನಿಸುತ್ತದೆ. ಹಾಕಿದರೆ ಮತ್ತೆ 30 ಉಳಿಯುತ್ತದೆ. ಈ ಚಿಲ್ಲರೆ ಅಕಸ್ಮಾತ್ತಾಗಿ ಉಳಿಯುವುದಲ್ಲ. ಉಳಿಯಲಿ ಅಂತಲೇ ಪ್ಯಾಕ್ ಅಳತೆ ಇಡುತ್ತಾರೆ. ನಾನು ಕೂತ ಮೀಟಿಂಗ್‌ಗಳಲ್ಲಿ ಗಂಟೆಗಟ್ಟಲೆ ಈ ಅಳತೆಯದೇ ಮಾತು.

ಎರಡನೆಯದು ಡ್ರಾ. ಚಕ್ರ ತಿರುಗಿಸುವುದು, ಪೆಟ್ಟಿಗೆ ಒಡೆಯುವುದು. ಹೊಳೆಯುವ ಗನ್ನು ಬೇಕು ಅಂದರೆ ನೇರವಾಗಿ ಮಾರುವುದಿಲ್ಲ, ಚಕ್ರದಲ್ಲಿ ಇಡುತ್ತಾರೆ. ಮೊದಲ ಸಲ ತಿರುಗಿಸಲು ತೀರಾ ಅಗ್ಗ. ಆಮೇಲೆ ಸಲ ಸಲಕ್ಕೂ ದರ ಏರುತ್ತದೆ. ಆರು ಸಲ ತಿರುಗಿಸಿ ಬರಲಿಲ್ಲ ಅಂದರೆ ಹುಡುಗ ಏಳನೆಯದಕ್ಕೆ ಬಿಡುತ್ತಾನಾ? ಇಷ್ಟು ಹಾಕಿ ಆಗಿದೆಯಲ್ಲ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದ ಬಹುಮಾನ, ಪ್ರತಿ ಸಲ ಸಿಗುವ ಬಹುಮಾನಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಹೋದ ಶತಮಾನದಲ್ಲೇ ಇಲಿ, ಪಾರಿವಾಳಗಳ ಮೇಲೆ ಇದನ್ನು ತೋರಿಸಿದ್ದರು. ನಾವು ಅದನ್ನು 14 ವರ್ಷದ ಮಕ್ಕಳ ಮೇಲೆ ಹಾಕಿದೆವು.

ಮೂರನೆಯದು ಗಡಿಯಾರ. ಇದನ್ನು ಹೇಳುವಾಗ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಒಂದು ಆಟದ ಅಂಗಡಿಯಲ್ಲಿ ‘ಈ ಆಫರ್ ಇನ್ನು 2 ಗಂಟೆ ಮಾತ್ರ’ ಅಂತ ಇಳಿಯುವ ಟೈಮರ್ ಬರೆದವನು ನಾನು. ಅದು ಸೊನ್ನೆಗೆ ಬಂದ ಮೇಲೆ ಏನಾಗುತ್ತಿತ್ತು ಗೊತ್ತಾ? ಮಾರನೇ ದಿನ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಆಫರ್ ಮುಗಿಯುತ್ತಲೇ ಇರಲಿಲ್ಲ. ತೆಗೆಯೋಣ ಅಂತ ಕೇಳಿದೆ. ಮಾರಾಟ ಬೀಳುತ್ತದೆ, ಬೇಡ ಅಂದರು. ಆಗಲೇ ಕೆಲಸ ಬಿಡಬೇಕಿತ್ತು. ಇನ್ನೊಂದು ವರ್ಷ ಇದ್ದೆ.

ಈ ತಂತ್ರಕ್ಕೆ ಈಗ ನಮ್ಮ ದೇಶದಲ್ಲೇ ಹೆಸರಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ತಡೆಯುವ ಮಾರ್ಗಸೂಚಿ ಹೊರಡಿಸಿತು. ಗಿರಾಕಿಯ ಕಣ್ಣಿಗೆ ಮಣ್ಣೆರಚುವ 13 ಬಗೆಗಳ ಪಟ್ಟಿ ಅದರಲ್ಲಿದೆ. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲೊಂದು. ಅಂಥದ್ದು ನಿಮ್ಮ ಮಗನ ಆಟದಲ್ಲಿ ಕಂಡರೆ ಸ್ಕ್ರೀನ್‌ಶಾಟ್ ತೆಗೆದು ದೂರಿನ ಜೊತೆ ಸೇರಿಸಿ. ಹೊರಗಿನ ದೇಶಗಳಲ್ಲಿ ದಂಡವೂ ಬಿದ್ದಿದೆ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 52 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದರಲ್ಲಿ 24.5 ಕೋಟಿ ಡಾಲರ್, ಬೇಡದ ಖರೀದಿಗಳಿಗೆ ಸಿಕ್ಕಿಬಿದ್ದ ಗಿರಾಕಿಗಳಿಗೆ ವಾಪಸ್ ಕೊಡಲು. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ಪೆಟ್ಟಿಗೆ ಒಡೆಯುವುದು ಜೂಜು ಅಂತ ಹೇಳಿತು.

ಇನ್ನೂ ಒಬ್ಬರು ಈ ಅಂಗಡಿಯ ಪಾಲುದಾರರು. ಫೋನಿನ ಆ್ಯಪ್ ಸ್ಟೋರ್ ನಡೆಸುವವರು ಆಟದೊಳಗಿನ ಮಾರಾಟದಲ್ಲಿ ಬಹಳ ಕಾಲದಿಂದ ಶೇಕಡಾ 15ರಿಂದ 30ರವರೆಗೆ ಕಮಿಷನ್ ತಗೊಂಡಿದ್ದಾರೆ. ನಿಮ್ಮ 18,640ರಲ್ಲಿ ಅವರ ಪಾಲೂ ಇರುತ್ತದೆ. ಮಕ್ಕಳ ಖರೀದಿಗೆ ತಡೆ ಹಾಕುವ ಗುಂಡಿ ಸೆಟ್ಟಿಂಗ್‌ನ ನಾಲ್ಕು ಮೆಟ್ಟಿಲು ಕೆಳಗೆ ಯಾಕಿದೆ ಅನ್ನುವುದಕ್ಕೆ ನನಗೆ ಬೇರೆ ಕಾರಣ ಕಾಣುವುದಿಲ್ಲ.

ಸರಿ, ಸರ್ಕಾರ ನಿಲ್ಲಿಸಿದ್ದು ಏನನ್ನು? 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ, ದುಡ್ಡು ಗೆಲ್ಲುವ ಆಸೆಯಲ್ಲಿ ಆಡುವ ಆಟಗಳನ್ನು ಅದು ನಿಷೇಧಿಸಿತು. ರಮ್ಮಿ, ಪೋಕರ್, ದುಡ್ಡು ಕಟ್ಟಿ ಕ್ರಿಕೆಟ್ ತಂಡ ಕಟ್ಟುವ ಆ್ಯಪ್‌ಗಳು ಇದರಲ್ಲಿ ಬಂದವು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಇದಕ್ಕೂ ಮುಂಚೆ 2021ರಲ್ಲಿ ನಮ್ಮ ರಾಜ್ಯವೂ ಪೊಲೀಸ್ ಕಾಯ್ದೆ ತಿದ್ದಿ ಇಂಥದ್ದನ್ನು ನಿಲ್ಲಿಸಲು ನೋಡಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗವನ್ನು ರದ್ದು ಮಾಡಿತ್ತು.

ಹೊಸ ಕಾಯ್ದೆ ಬೇಕಾಗಿತ್ತು, ನಾನು ಅದರ ಪರ. ರಮ್ಮಿ ಆ್ಯಪ್‌ಗೆ ಮನೆ ಕಳೆದುಕೊಂಡವರನ್ನು ನಮ್ಮ ಚಿಂತಾಮಣಿ ಕಡೆಯಲ್ಲೇ ಕಂಡಿದ್ದೇನೆ. ಆದರೆ ನಿಮ್ಮ ಮಗ ಆಡಿದ ಆಟದಲ್ಲಿ ಅವನು ದುಡ್ಡು ಗೆಲ್ಲುವುದೇ ಇಲ್ಲ. ಬರೀ ಕಳೆಯುತ್ತಾನೆ. ಚಕ್ರ ತಿರುಗಿಸಿದರೆ ಸಿಗುವುದು ಒಂದು ಅಂಗಿ, ಒಂದು ಕುಣಿತ. ಅದನ್ನು ಮಾರಿ ರೂಪಾಯಿ ಮಾಡಿಕೊಳ್ಳಲಾಗದು. ಹಾಗಾಗಿ ನಾನು ಆ ಕಾಯ್ದೆ ಓದಿಕೊಂಡ ಹಾಗೆ, ಈ ಡ್ರಾ ಅದರ ಬಲೆಗೆ ಸುಲಭವಾಗಿ ಬೀಳುವುದಿಲ್ಲ. ಗೆಲ್ಲುವ ಅವಕಾಶ ಇದ್ದರೆ ಜೂಜು, ಗೆಲ್ಲಲು ಏನೂ ಇಲ್ಲದಿದ್ದರೆ ಆಟ ಅನ್ನುವ ಹಾಗಾಗಿದೆ. ಮಗುವಿನ ಕಡೆಯಿಂದ ನೋಡಿದರೆ ಇದು ನ್ಯಾಯವಾ? ಈ ಡ್ರಾವನ್ನು 18 ತುಂಬದವರಿಗೆ ಪೂರ್ತಿ ಮುಚ್ಚಬೇಕು. ಬೆಲೆ ರೂಪಾಯಿಯಲ್ಲೇ ಕಾಣಬೇಕು. ಇಷ್ಟನ್ನು ಕಾನೂನು ಮಾಡಲೇಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಆಟವನ್ನೇ ಬ್ಯಾನ್ ಮಾಡಲಿ ಅಂತ ನಿಮಗೆ ಅನಿಸಬಹುದು. ಅದೂ ಆಗಿದೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು ನಿಂತಿತು. ಕಾರಣ ಮಕ್ಕಳಲ್ಲ, ದೇಶದ ಭದ್ರತೆ. 2021ರ ಜುಲೈನಲ್ಲಿ ಬೇರೆ ಹೆಸರಿನಲ್ಲಿ ವಾಪಸ್ ಬಂತು. ಆಗ 18 ತುಂಬದವರಿಗೆ ಮಿತಿ ಹಾಕಿದ್ದೇವೆ ಅಂತ ಕಂಪನಿ ಹೇಳಿತು. ದಿನಕ್ಕೆ 3 ಗಂಟೆ ಆಟ, ದಿನಕ್ಕೆ 7,000 ರೂಪಾಯಿ ಖರ್ಚು. ಮಕ್ಕಳಿಗೆ ದಿನಕ್ಕೆ 7,000! ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಂತಿತು, ಅದರ ಮ್ಯಾಕ್ಸ್ ಅನ್ನುವ ತಮ್ಮ ಉಳಿದುಕೊಂಡ. ನಮ್ಮೂರ ಹುಡುಗರು ಬೆಳಗಾಗುವುದರೊಳಗೆ ಅದಕ್ಕೆ ಹೋಗಿದ್ದರು.

ಮತ್ತೆ, ಆಟ ಕೆಟ್ಟದ್ದು ಅಂತ ನನಗೆ ಅನಿಸುವುದಿಲ್ಲ. ನಾಲ್ಕು ಹುಡುಗರು ಸ್ಕ್ವಾಡ್ ಕಟ್ಟಿಕೊಂಡು, ಕನ್ನಡ ತೆಲುಗು ಬೆರೆಸಿ ಕೂಗುತ್ತಾ, ಒಬ್ಬ ಬಿದ್ದರೆ ಇನ್ನೊಬ್ಬ ಓಡಿ ಹೋಗಿ ಎಬ್ಬಿಸುವುದು ಖುಷಿಯ ಆಟವೇ. ಅಗ್ಗದ ಫೋನಿನಲ್ಲೂ ಓಡುತ್ತದೆ, ಅದಕ್ಕೇ ಹಳ್ಳಿ ಹುಡುಗರಿಗೂ ಸಿಕ್ಕಿದೆ. ದುಡ್ಡು ಹಾಕದೆಯೂ ಆಡಬಹುದು. ಹಾಗಾದರೆ ಯಾಕೆ ಹಾಕಿದ? ಮೈಮೇಲೆ ಬಿಟ್ಟಿ ಬಟ್ಟೆ ಇದ್ದರೆ ಗೆಳೆಯರು ಡಿಫಾಲ್ಟ್ ಅಂತ ಆಡಿಕೊಳ್ಳುತ್ತಾರೆ. ಹರಿದ ಚಪ್ಪಲಿ ಹಾಕಿಕೊಂಡು ಜಾತ್ರೆಗೆ ಹೋದಾಗ ನನಗೆ ಆಗುತ್ತಿದ್ದ ನಾಚಿಕೆಯೇ ಅದು. ಅಂಗಡಿ ಕಟ್ಟುವವರಿಗೆ ಈ ನಾಚಿಕೆ ಚೆನ್ನಾಗಿ ಗೊತ್ತು.

ಅಂಗಡಿ ಇಲ್ಲದ ಆಟಗಳೂ ಇವೆ. ಲಿಚೆಸ್ ಅಂತ ಚೆಸ್ ಆಡುವ ತಾಣವಿದೆ. ಫ್ರಾನ್ಸಿನ ಒಬ್ಬ ಪ್ರೋಗ್ರಾಮರ್ 2010ರಲ್ಲಿ ಶುರು ಮಾಡಿದ್ದು. ಜಾಹೀರಾತಿಲ್ಲ, ದುಡ್ಡು ಕೇಳುವ ಪೆಟ್ಟಿಗೆ ಇಲ್ಲ, ದೇಣಿಗೆಯಿಂದ ನಡೆಯುತ್ತದೆ. ಒಂದೇ ಸಲ ದುಡ್ಡು ಕೊಟ್ಟು ಆಡುವ ಆಟಗಳೂ ಬೇಕಾದಷ್ಟಿವೆ. ಹಾಗಂತ ಗನ್ನು ಕಿತ್ತುಕೊಂಡು ಚೆಸ್ ಕೊಡಬೇಡಿ. ಅದು ಅವನಿಗೆ ಶಿಕ್ಷೆಯಾಗಿ ಕಾಣುತ್ತದೆ.

ನಿಮ್ಮ ಪತ್ರದಲ್ಲಿ ನೀವು ಬರೆಯದ ಒಂದು ಮಾತಿದೆ. ನಿಮ್ಮ ಯುಪಿಐ ಪಿನ್ ಅವನಿಗೆ ಹೇಗೆ ಗೊತ್ತಾಯಿತು? ನೀವೇ ಕೊಟ್ಟಿರಬೇಕು. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೀಗೇ. ಪಹಣಿ ತೆಗೆಯುವುದು ಮಗ. ಪಿಎಂ ಕಿಸಾನ್ ಇಕೆವೈಸಿ ಮಾಡುವುದು ಮಗ. ಕರೆಂಟ್ ಬಿಲ್ಲು, ಗ್ಯಾಸು, ಸೊಪ್ಪಿನ ಕೂಲಿ ಕಳಿಸುವುದು ಎಲ್ಲ ಅವನೇ. ಬ್ಯಾಂಕಿನ ಮೆಸೇಜು ಇಂಗ್ಲಿಷಿನಲ್ಲಿ ಬರುತ್ತದೆ, ಓದಿ ಹೇಳುವವನೂ ಅವನೇ. 14 ವರ್ಷದ ಹುಡುಗನ ಕೈಗೆ ಮನೆಯ ಗಲ್ಲಾಪೆಟ್ಟಿಗೆ ಕೊಟ್ಟಿದ್ದೇವೆ. ಸಂಬಳವಿಲ್ಲ, ಲೆಕ್ಕ ಕೇಳುವವರೂ ಇಲ್ಲ. ಅವನು ಐದು ವಾರ ತಪ್ಪಿದ. ಅದಕ್ಕೂ ಮುಂಚೆ ಎಷ್ಟು ವರ್ಷ ಒಂದು ರೂಪಾಯಿ ಆಚೀಚೆ ಮಾಡದೆ ನಡೆಸಿದ್ದ ಅಂತ ಅವನಿಗೆ ಹೇಳಿದ್ದೀರಾ?

ಹೊಡೆದದ್ದಕ್ಕೆ ಬೇಜಾರಾಗಿದೆ ಅಂತ ಅವನಿಗೆ ಬಾಯಿಬಿಟ್ಟು ಹೇಳಿ. ಅಪ್ಪ ಮಗನಿಗೆ ಹಾಗೆ ಹೇಳುವ ರೂಢಿ ನಮ್ಮಲ್ಲಿ ಕಮ್ಮಿ. ಆದರೂ ಹೇಳಿ. ಆಮೇಲೆ ಪಕ್ಕದಲ್ಲಿ ಕೂತು, ಆ ಅಂಗಡಿ ತೋರಿಸು ಅನ್ನಿ. ಒಂದು ಚಕ್ರ ತಿರುಗಿಸಲು ಎಷ್ಟು ಡೈಮಂಡ್, ಅದು ಎಷ್ಟು ರೂಪಾಯಿ, ನಮ್ಮ ಹೋದ ಲಾಟಿನ ದರದಲ್ಲಿ ಎಷ್ಟು ಕೆಜಿ ಗೂಡು ಅಂತ ಅವನ ಕೈಲೇ ಲೆಕ್ಕ ಹಾಕಿಸಿ. ಬೈಯಬೇಡಿ. ಲೆಕ್ಕ ಅವನೇ ಹೇಳಲಿ. ರೀಫಂಡ್ ಪತ್ರವನ್ನೂ ಅವನೇ ಬರೆಯಲಿ, ನೀವು ಸಹಿ ಮಾಡಿ.

ಚಟವಾಗಿದೆಯಾ ಅನ್ನುವ ಭಯಕ್ಕೆ ಒಂದು ಮಾತು. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಅಂತ ಒಪ್ಪಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ ಅದರ ಪಟ್ಟಿಯಲ್ಲಿದೆ. ಆದರೆ ಹಿಡಿತ ತಪ್ಪಿ, ಓದು, ಊಟ, ಗೆಳೆತನ ಎಲ್ಲ ಆಟದ ಹಿಂದೆ ಸರಿದು, ಸಾಮಾನ್ಯವಾಗಿ 12 ತಿಂಗಳಾದರೂ ಹಾಗೇ ನಡೆದಿದ್ದರೆ ಮಾತ್ರ ಆ ಹೆಸರು. ಐದು ವಾರದ ಖರ್ಚು ಅದಲ್ಲ. ಈಗಿನ ಅವನ ಮೌನದ ಬಗ್ಗೆ ನನಗೆ ಆಟಕ್ಕಿಂತ ಜಾಸ್ತಿ ಚಿಂತೆ. ಊಟ ಬಿಟ್ಟರೆ, ರಾತ್ರಿ ನಿದ್ದೆ ಮಾಡದಿದ್ದರೆ, ಸಾಯುವ ಮಾತಾಡಿದರೆ ಅದೇ ದಿನ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಆಟದ ತೊಂದರೆಗಳಿಗೇ ಅಂತ 2014ರಿಂದ ಒಂದು ಕ್ಲಿನಿಕ್ ಇದೆ. ಶಟ್ ಕ್ಲಿನಿಕ್ ಅಂತ ಕೇಳಿದರೆ ಹೇಳುತ್ತಾರೆ.

ಇವತ್ತು ರಾತ್ರಿಯೇ ಮಾಡಬೇಕಾದ್ದು ಇದು. ಯುಪಿಐ ಪಿನ್ ಬದಲಾಯಿಸಿ. ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಬೇಕು ಅನ್ನುವುದನ್ನು ಆನ್ ಮಾಡಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ, ಅಂದರೆ ದುಡ್ಡು ತಾನಾಗೇ ಕಡಿತವಾಗಲು ಕೊಟ್ಟ ಒಪ್ಪಿಗೆಗಳು, ಅನ್ನುವ ಕಡೆ ಹೋಗಿ, ಗೊತ್ತಿಲ್ಲದ ಹೆಸರಿದ್ದರೆ ರದ್ದು ಮಾಡಿ. ಯುಪಿಐ ಲೈಟ್ ಆನ್ ಇದ್ದರೆ ಸಣ್ಣ ಪಾವತಿಗೆ ಪಿನ್ ಕೇಳುವುದಿಲ್ಲ, ಅದನ್ನೂ ಮುಚ್ಚಿ. ವಾರದೊಳಗೆ ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಗೂಡಿನ ದುಡ್ಡು ಬರುವ ಖಾತೆಗೆ ಯುಪಿಐ ಇರಲೇಬಾರದು. ಮನೆ ಖರ್ಚಿಗೆ ಎರಡು ಮೂರು ಸಾವಿರ ಹೊಸ ಖಾತೆಗೆ ಹಾಕಿ, ಯುಪಿಐ ಅದಕ್ಕೆ ಮಾತ್ರ ಕೊಡಿ. ಆ ಖಾತೆಯ ಲೆಕ್ಕ ಮತ್ತೆ ಮಗನೇ ನೋಡಿಕೊಳ್ಳಲಿ. ಅವನಿಂದ ಆ ಕೆಲಸ ಕಿತ್ತುಕೊಳ್ಳಬೇಡಿ. ಭಾನುವಾರ ಭಾನುವಾರ ಇಬ್ಬರೂ ಕೂತು ನೋಡಿ.

ಫೋನು ಒಡೆಯಬೇಡಿ. ರೀಫಂಡ್‌ಗೆ ಬೇಕಾದ ರಸೀದಿಗಳು ಅದರಲ್ಲೇ ಇವೆ. ಆಟದ ಖಾತೆಯನ್ನೂ ಈಗಲೇ ಅಳಿಸಬೇಡಿ, ಏನು ಕೊಂಡ ಅನ್ನುವ ದಾಖಲೆ ಅಲ್ಲಿರುತ್ತದೆ. ಕಂಪನಿಯಿಂದ ಮೊದಲ ಉತ್ತರ ಆಗುವುದಿಲ್ಲ ಅಂತಲೇ ಬರಬಹುದು, ಎಷ್ಟೋ ಸಲ ಅದು ಯಂತ್ರ ಕಳಿಸುವ ಉತ್ತರ. ಅದನ್ನು ಹಾಗೇ ನನಗೆ ಕಳಿಸಿಕೊಡಿ. ಎರಡನೇ ಪತ್ರ ನಾನು, ನೀವು, ನಿಮ್ಮ ಮಗ ಮೂವರೂ ಸೇರಿ ಬರೆಯೋಣ.